ಗಡಿಗಲ್ಲಿಲ್ಲದ ಆಕಾಶ: ಚಿಕ್ಕ ವಿಮಾನವು ಪರದೇಶಕ್ಕೆ ಹೋಗುವ ಬಗೆ

ಹೊಲಕ್ಕೆ ಬದು ಉಂಟು. ಊರಿಗೆ ಎಲ್ಲೆಗಲ್ಲು ಉಂಟು. ದೇಶಕ್ಕೆ ಗಡಿಗಂಬವೂ ತಂತಿಬೇಲಿಯೂ ಉಂಟು. ಆಕಾಶಕ್ಕೆ ಇವುಗಳಲ್ಲಿ ಒಂದೂ ಇಲ್ಲ. ಮೂರು ಸಾವಿರ ಅಡಿ ಮೇಲಿನಿಂದ ನೋಡುವವನಿಗೆ ಕೆಳಗೆ ಹೊಳೆ, ಕಾಡು, ಗದ್ದೆ, ಮನೆಯ ಮಾಡುಗಳು ಕಾಣುತ್ತವೆಯೇ ಹೊರತು ಭೂಪಟದಲ್ಲಿ ಎಳೆದ ಕೆಂಪು ಗೆರೆ ಎಲ್ಲಿಯೂ ಕಾಣುವುದಿಲ್ಲ. ಆದರೂ ಆ ಗೆರೆ ಅಲ್ಲಿ ಇದೆ. ಅದನ್ನು ತಿಳಿದು ದಾಟಿದವನು ಅತಿಥಿ. ತಿಳಿಸದೆ ದಾಟಿದವನು ಅತಿಕ್ರಮಿ. ಕಣ್ಣಿಗೆ ಕಾಣದ ಈ ಗೆರೆಯನ್ನು ವೈಮಾನಿಕನು ದಾಟುವುದು ಹೇಗೆ ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರ ಮಾಡೋಣ.

ದೊಡ್ಡ ವಿಮಾನದಲ್ಲಿ ವಿದೇಶಕ್ಕೆ ಹೋಗಿಬಂದವರು ಈಗ ನಮ್ಮ ಪಟ್ಟಣಗಳಲ್ಲಿ ಅಪರೂಪವಲ್ಲ. ಅಂಥವರಿಗೆ ಈ ಪ್ರಶ್ನೆ ಏಳುವುದೇ ಇಲ್ಲ. ಟಿಕೆಟು, ಪಾಸ್‌ಪೋರ್ಟು, ವೀಸಾ ಇವಿಷ್ಟು ಕೈಯಲ್ಲಿದ್ದರೆ ಉಳಿದುದನ್ನೆಲ್ಲ ವಿಮಾನ ಕಂಪನಿಯವರು ನೋಡಿಕೊಳ್ಳುತ್ತಾರೆ. ಆದರೆ ಸ್ವಂತ ಬಳಕೆಯ ಚಿಕ್ಕ ವಿಮಾನದ ಸಂಗತಿಯೇ ಬೇರೆ. ಬೆಂಗಳೂರಿನ ಜಕ್ಕೂರಿನ ಮೇಲೆ ಒಂದೇ ಎಂಜಿನಿನ ಪುಟ್ಟ ವಿಮಾನಗಳು ಹಾರುವುದನ್ನು ಕಂಡವರಿಗೆ ಅವುಗಳ ಗಾತ್ರದ ಅಂದಾಜು ಇದ್ದೀತು. ನಾಲ್ಕು ಜನ ಕೂರಬಲ್ಲ ಸೆಸ್ನಾ ೧೭೨ ಎಂಬುದು ಈ ಜಾತಿಯಲ್ಲಿ ಜಗತ್ಪ್ರಸಿದ್ಧವಾದುದು. ೧೯೫೬ರಿಂದ ಈಚೆಗೆ ನಲವತ್ತು ಸಾವಿರಕ್ಕೂ ಮಿಕ್ಕಿ ತಯಾರಾಗಿವೆ. ಇಂಥ ವಿಮಾನದಲ್ಲಿ ನಡೆಸುವವನೇ ಯಜಮಾನ, ಅವನೇ ಗುಮಾಸ್ತ, ಅವನೇ ಪ್ರಯಾಣಿಕರ ಪಟ್ಟಿ ಬರೆಯುವವನು, ಸುಂಕದವರ ಮುಂದೆ ನಿಂತು ಉತ್ತರ ಹೇಳುವವನೂ ಅವನೇ.

ಆಕಾಶಕ್ಕೆ ಒಡೆಯರು ಯಾರು?

ಪುರಾಣದ ಪುಷ್ಪಕವಿಮಾನಕ್ಕೆ ರಹದಾರಿ ಬೇಕಾಗಿರಲಿಲ್ಲ. ಏರಿದವರ ಮನಸ್ಸು ನೆನೆದಲ್ಲಿಗೆ ಅದು ಹೋಗುತ್ತಿತ್ತು. ಮನುಷ್ಯನು ಕಟ್ಟಿದ ವಿಮಾನಕ್ಕೂ ಮೊದಮೊದಲು ಹೆಚ್ಚು ಕಡಿಮೆ ಅದೇ ಸ್ವಾತಂತ್ರ್ಯವಿತ್ತು. ೧೯೦೯ನೆಯ ಇಸವಿ ಜುಲೈ ೨೫ರ ಮುಂಜಾನೆ ಲೂಯಿ ಬ್ಲೇರಿಯೋ ಎಂಬ ಫ್ರೆಂಚ್ ಸಾಹಸಿಯು ೨೫ ಅಶ್ವಶಕ್ತಿಯ ಎಂಜಿನಿದ್ದ ತನ್ನ ವಿಮಾನದಲ್ಲಿ ಕೂತು, ಫ್ರಾನ್ಸಿನ ಕ್ಯಾಲೆಯ ಬಳಿಯಿಂದ ಹೊರಟು ಸುಮಾರು ೩೭ ನಿಮಿಷಗಳಲ್ಲಿ ಇಂಗ್ಲೆಂಡಿನ ಡೋವರ್ ಸೇರಿದನು. ಜನ ಹರ್ಷದಿಂದ ಕೂಗಿದರು. ಆದರೆ ಆಳುವವರು ಬೇರೊಂದನ್ನು ಯೋಚಿಸಬೇಕಾಯಿತು. ಶತಮಾನಗಳಿಂದ ದ್ವೀಪವನ್ನು ಕಾಪಾಡಿದ್ದ ಸಮುದ್ರವನ್ನು ಒಬ್ಬ ಮನುಷ್ಯ ಅರ್ಧ ಗಂಟೆಯಲ್ಲಿ ದಾಟಬಲ್ಲನಾದರೆ, ತಲೆಯ ಮೇಲಿನ ಆಕಾಶ ಯಾರದು?

ಉತ್ತರವನ್ನು ಮೊದಲನೆಯ ಮಹಾಯುದ್ಧ ಕೊಟ್ಟಿತು. ಬಾಂಬುಗಳು ಮೇಲಿನಿಂದ ಬೀಳುವುದನ್ನು ಕಂಡ ದೇಶಗಳು ೧೯೧೯ರಲ್ಲಿ ಪ್ಯಾರಿಸಿನಲ್ಲಿ ಒಂದು ಒಪ್ಪಂದ ಮಾಡಿಕೊಂಡು, ಪ್ರತಿಯೊಂದು ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದಲ್ಲಿ ಪೂರ್ಣ ಪ್ರಭುತ್ವ ಉಂಟೆಂದು ಒಪ್ಪಿಕೊಂಡವು. ಹಾಗೆಂದು ಚಿಕ್ಕ ವಿಮಾನಗಳ ಪರದೇಶಯಾತ್ರೆ ನಿಲ್ಲಲಿಲ್ಲ. ಇಂಗ್ಲೆಂಡ್–ಇಂಡಿಯಾಗಳ ನಡುವೆ ಒಂಟಿಯಾಗಿ ಹಾರುವ ಮೊದಲನೆಯ ಭಾರತೀಯನಿಗೆ ಆಗಾ ಖಾನರು ಬಹುಮಾನ ಸಾರಿದ್ದಾಗ, ೧೯೩೦ರಲ್ಲಿ ೧೭ ವರ್ಷದ ಹುಡುಗ ಆಸ್ಪಿ ಎಂಜಿನಿಯರ್ ಇಂಗ್ಲೆಂಡಿನಿಂದ ಕರಾಚಿಗೆ ಹಾರಿ ಬಂದು ಅದನ್ನು ಗೆದ್ದರು. ಅದೇ ಪಣಕ್ಕಾಗಿ ಕರಾಚಿಯಿಂದ ಎದುರು ದಿಕ್ಕಿಗೆ ಹೊರಟಿದ್ದ ಜೆ. ಆರ್. ಡಿ. ಟಾಟಾ ಅವರು ಈಜಿಪ್ಟಿನಲ್ಲಿ ಈ ಹುಡುಗನನ್ನು ಸಂಧಿಸಿ, ಅವನ ಎಂಜಿನಿಗೆ ಬೇಕಾಗಿದ್ದ ಸ್ಪಾರ್ಕ್ ಪ್ಲಗ್ಗುಗಳನ್ನು ತಮ್ಮಲ್ಲಿದ್ದುದರಿಂದಲೇ ಕೊಟ್ಟುದು ಪ್ರಸಿದ್ಧ ಸಂಗತಿ. ಆ ಹುಡುಗನೇ ಮುಂದೆ ೧೯೬೦ರಲ್ಲಿ ನಮ್ಮ ವಾಯುಪಡೆಯ ಮುಖ್ಯಸ್ಥರಾದರು.

ಇಂದು ಜಗತ್ತು ನಡೆಯುತ್ತಿರುವುದು ೧೯೪೪ನೆಯ ಡಿಸೆಂಬರ್ ೭ರಂದು ಅಮೆರಿಕದ ಚಿಕಾಗೋ ನಗರದಲ್ಲಿ ೫೨ ದೇಶಗಳು ರುಜು ಹಾಕಿದ ಒಪ್ಪಂದದ ಮೇಲೆ. ಈಗ ಅದಕ್ಕೆ ಸೇರಿದ ದೇಶಗಳು ೧೯೩. ಆಕಾಶದ ಮೇಲಣ ಪ್ರಭುತ್ವವೇ ಅದರ ಮೊದಲನೆಯ ವಿಧಿ. ಆದರೆ ಐದನೆಯ ವಿಧಿಯಲ್ಲಿ ಒಂದು ಔದಾರ್ಯವಿದೆ: ವೇಳಾಪಟ್ಟಿಯಿಲ್ಲದೆ ಹಾರುವ ವಿಮಾನವು, ಸ್ವಂತದ ಚಿಕ್ಕ ವಿಮಾನವೂ ಇದರಲ್ಲಿ ಸೇರಿತು, ಒಪ್ಪಂದದ ನಿಯಮಗಳಿಗೆ ಒಳಪಟ್ಟು ಇನ್ನೊಂದು ಸದಸ್ಯ ದೇಶವನ್ನು ಮುಂಗಡ ಅಪ್ಪಣೆಯಿಲ್ಲದೆಯೂ ಪ್ರವೇಶಿಸಬಹುದು. ಬರಹದಲ್ಲಿ ಹೀಗಿದ್ದರೂ ರೂಢಿಯಲ್ಲಿ ಅನೇಕ ದೇಶಗಳು ಮೊದಲೇ ಅಪ್ಪಣೆ ಪಡೆಯಬೇಕೆನ್ನುತ್ತವೆ. ಅಪ್ಪಣೆ ಬೇಕೆನ್ನದ ಸ್ನೇಹದ ನೆರೆಹೊರೆಗೆ ಅಮೆರಿಕ ಮತ್ತು ಕೆನಡಾ ಒಳ್ಳೆಯ ನಿದರ್ಶನ. ಅಂಥಲ್ಲಿಯೂ ಎಷ್ಟು ನಿಯಮವಿದೆ ಎಂಬುದನ್ನು ನೋಡಿದರೆ ವಿಷಯ ಚೆನ್ನಾಗಿ ಮನಸ್ಸಿಗೆ ಹತ್ತುತ್ತದೆ.

ಅರ್ಧ ಗಂಟೆಯ ಹಾರಾಟ, ಎರಡು ಗಂಟೆಯ ಮುನ್ಸೂಚನೆ

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಪಶ್ಚಿಮದ ಅಂಚಿನಲ್ಲಿ ಬಫೆಲೋ ಎಂಬ ಊರಿದೆ. ಅಲ್ಲಿಂದ ಕೆನಡಾದ ಟೊರಾಂಟೋ ನಗರ ಹಕ್ಕಿ ಹಾರುವ ದಾರಿಯಲ್ಲಿ ಸುಮಾರು ನೂರು ಕಿಲೋಮೀಟರು. ನಡುವೆ ನಯಾಗರಾ ನದಿ. ಅದೇ ಎರಡು ದೇಶಗಳ ಗಡಿ. ಅದರಾಚೆ ಸ್ವಲ್ಪ ನೆಲ, ಆಮೇಲೆ ಸಮುದ್ರದಂತಿರುವ ಒಂಟಾರಿಯೋ ಸರೋವರ. ಸೆಸ್ನಾ ವಿಮಾನಕ್ಕೆ ಇದು ಅರ್ಧ ಗಂಟೆಯ ದಾರಿ. ಒಬ್ಬ ಗೃಹಸ್ಥನು ಹೆಂಡತಿ ಮಕ್ಕಳೊಡನೆ ಈ ದಾರಿಯಲ್ಲಿ ಹೊರಟನೆಂದು ಇಟ್ಟುಕೊಳ್ಳೋಣ.

ಮೊದಲು ಕಾಗದಪತ್ರಗಳು. ವಿಮಾನದಲ್ಲಿ ಅದರ ನೋಂದಣಿ ಪತ್ರ ಇರಬೇಕು. ಅದು ಹಾರಲು ಯೋಗ್ಯವೆಂಬ ಪತ್ರ ಇರಬೇಕು. ನಡೆಸುವವನ ಬಳಿ ಪರವಾನಗಿಯೂ ವೈದ್ಯರ ಪ್ರಮಾಣಪತ್ರವೂ ಇರಬೇಕು. ಎಲ್ಲರಿಗೂ ಪಾಸ್‌ಪೋರ್ಟು ಬೇಕು. ಮಗುವು ತಾಯಿತಂದೆಗಳಲ್ಲಿ ಒಬ್ಬರ ಜೊತೆ ಮಾತ್ರ ಹೊರಟಿದ್ದರೆ ಇನ್ನೊಬ್ಬರ ಒಪ್ಪಿಗೆಯ ಪತ್ರ ಕೈಯಲ್ಲಿರುವುದು ಕ್ಷೇಮ. ಇವೆಲ್ಲ ಊಹಿಸಬಹುದಾದುವೇ. ರೇಡಿಯೋ ಕೇಳುವ ನಮ್ಮಂಥವರಿಗೆ ಕುತೂಹಲ ಹುಟ್ಟಿಸುವುದು ಇನ್ನೊಂದು ಪತ್ರ. ಹಿಂದೆ ನಮ್ಮ ಮನೆಗಳಲ್ಲಿ ರೇಡಿಯೋ ಇಟ್ಟವರು ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ಹಣ ಕಟ್ಟಿ ಲೈಸೆನ್ಸು ಪಡೆಯಬೇಕಾಗಿದ್ದುದನ್ನು ಹಿರಿಯರು ಮರೆತಿರಲಾರರು. ಅಮೆರಿಕದ ಚಿಕ್ಕ ವಿಮಾನವು ತನ್ನ ದೇಶದೊಳಗೇ ಹಾರುವಾಗ ಅದರ ರೇಡಿಯೋಗೆ ಲೈಸೆನ್ಸು ಬೇಡ. ಆದರೆ ಗಡಿ ದಾಟಿತೆಂದರೆ ವಿಮಾನದ ರೇಡಿಯೋಗೂ ಒಂದು ಲೈಸೆನ್ಸು, ಅದರಲ್ಲಿ ಮಾತನಾಡುವವನಿಗೂ ಒಂದು ಅನುಮತಿಪತ್ರ! ಏಕೆಂದರೆ ರೇಡಿಯೋ ಅಲೆಗಳ ಹಂಚಿಕೆಯೂ ದೇಶದೇಶಗಳ ನಡುವಿನ ಕರಾರು.

ಎರಡನೆಯದು ಮುನ್ಸೂಚನೆ. ಹೊರಡುವುದಕ್ಕೆ ಕಡಮೆಯೆಂದರೆ ಒಂದು ಗಂಟೆ ಮೊದಲು ಅಮೆರಿಕದ ಗಡಿ ಇಲಾಖೆಗೆ ವಿಮಾನದಲ್ಲಿರುವವರೆಲ್ಲರ ಹೆಸರು ವಿವರಗಳನ್ನು ಕಂಪ್ಯೂಟರ್ ಮೂಲಕ ಕಳುಹಿಸಿ, ಹೋಗಬಹುದೆಂಬ ಉತ್ತರ ಪಡೆಯತಕ್ಕದ್ದು. ೨೦೦೧ರ ಸೆಪ್ಟೆಂಬರಿನ ದುರಂತದ ತರುವಾಯ ಬಿಗಿಯಾದ ನಿಯಮಗಳ ಸರಣಿಯಲ್ಲಿ ಇದು ೨೦೦೯ರಿಂದ ಕಡ್ಡಾಯವಾಯಿತು. ಒಳಬರುವವರಿಗೆ ಮಾತ್ರವಲ್ಲ, ದೇಶ ಬಿಟ್ಟು ಹೊರಡುವವರಿಗೂ ಇದು ಅನ್ವಯಿಸುತ್ತದೆ. ಇನ್ನು ಕೆನಡಾದ ಸುಂಕದವರಿಗೆ ಫೋನು ಮಾಡಿ, ಯಾರು ಬರುತ್ತಾರೆ, ಯಾವ ನಿಲ್ದಾಣಕ್ಕೆ, ಎಷ್ಟು ಹೊತ್ತಿಗೆ ಎಂಬುದನ್ನು ತಲುಪುವುದಕ್ಕೆ ಎರಡು ಗಂಟೆಗಿಂತ ಮುಂಚೆ, ೪೮ ಗಂಟೆಗಿಂತ ಈಚೆ ತಿಳಿಸತಕ್ಕದ್ದು. ಅರ್ಧ ಗಂಟೆಯ ದಾರಿಗೆ ಎರಡು ಗಂಟೆಯ ಮುನ್ಸೂಚನೆ! ಇಳಿಯುವುದೂ ಬೇಕೆಂದಲ್ಲಿ ಅಲ್ಲ. ಸುಂಕದವರ ತಪಾಸಣೆಗೆಂದು ಗೊತ್ತುಮಾಡಿದ ನಿಲ್ದಾಣದಲ್ಲಿಯೇ ಮೊದಲು ಇಳಿಯಬೇಕು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಹಾರಾಟದ ಯೋಜನೆ. ವಿಮಾನದ ಗುರುತು, ಬಣ್ಣ, ಹೊರಡುವ ಹೊತ್ತು, ದಾರಿ, ವೇಗ, ತಲುಪುವ ಹೊತ್ತು, ಎಷ್ಟು ಗಂಟೆಗೆ ಸಾಲುವ ಇಂಧನವಿದೆ, ಎಷ್ಟು ಜನರಿದ್ದಾರೆ, ಇವಿಷ್ಟನ್ನೂ ಬರೆದು ಮೊದಲೇ ಒಪ್ಪಿಸಬೇಕು. ದೇಶದೊಳಗೆ ಬಿಸಿಲು ಬೆಳಕಿನಲ್ಲಿ ಹಾರುವ ಚಿಕ್ಕ ವಿಮಾನಕ್ಕೆ ಅಮೆರಿಕದಲ್ಲಿ ಇದು ಸಾಮಾನ್ಯವಾಗಿ ಇಚ್ಛೆಗೆ ಬಿಟ್ಟದ್ದು; ಗಡಿ ದಾಟುವಾಗ ಕಡ್ಡಾಯ. ಯುರೋಪಿನ ಎಷ್ಟೋ ದೇಶಗಳ ನಡುವೆ ೧೯೯೫ರಿಂದ ಈಚೆಗೆ ಪಾಸ್‌ಪೋರ್ಟು ತಪಾಸಣೆಯೇ ಇಲ್ಲ. ಅಲ್ಲಿಯೂ ಸಂಬಂಧಪಟ್ಟ ದೇಶಗಳು ವಿನಾಯಿತಿ ಕೊಟ್ಟ ಹೊರತು, ಗಡಿ ದಾಟುವ ವಿಮಾನಕ್ಕೆ ಈ ಯೋಜನೆ ತಪ್ಪುವುದಿಲ್ಲ. ರಹದಾರಿ ಬಿಟ್ಟರೂ ಹೇಳಿ ಹೋಗುವುದನ್ನು ಬಿಟ್ಟಿಲ್ಲ ಎಂದಾಯಿತು.

ಗಡಿ ದಾಟುವ ಮಾತು

ವಿಮಾನ ಮೇಲೇರಿತು. ಇನ್ನು ಕೆಲವೇ ನಿಮಿಷಗಳಲ್ಲಿ ನಯಾಗರಾ ನದಿ. ಅಲ್ಲಿ ತಡೆಗಂಬವಿಲ್ಲ, ಕಾವಲುಗಾರನಿಲ್ಲ. ಗಡಿಯನ್ನು ಕಾಯುವುದು ರೇಡಿಯೋ. ನಮ್ಮ ಮನೆಯ ರೇಡಿಯೋದಲ್ಲಿ ಎಫ್‌ಎಂ ಪಟ್ಟಿ ೮೮ರಿಂದ ೧೦೮ ಮೆಗಾಹರ್ಟ್ಸ್‌ವರೆಗೆ ಇರುತ್ತದಷ್ಟೆ. ಅದಕ್ಕಿಂತ ತುಸು ಮೇಲೆ, ೧೧೮ರಿಂದ ೧೩೭ರವರೆಗೆ, ವಿಮಾನಗಳ ಮಾತುಕತೆ ನಡೆಯುತ್ತದೆ. ಅದರೊಳಗೆ ೧೨೧.೫ ಎಂಬುದು ಅಪಾಯದಲ್ಲಿರುವವರ ಕರೆಗೆಂದೇ ಮೀಸಲಾದ ಜಾಗ.

ಮಾತಿನ ಜೊತೆಗೆ ಒಂದು ಮೂಕಸಾಕ್ಷಿಯೂ ಉಂಟು. ಟ್ರಾನ್ಸ್‌ಪಾಂಡರ್ ಎಂಬ ಪೆಟ್ಟಿಗೆಯು ನೆಲದ ರಾಡಾರ್ ಕೇಳಿದಾಗಲೆಲ್ಲ ನಾಲ್ಕು ಅಂಕಿಗಳ ಒಂದು ಸಂಖ್ಯೆಯನ್ನು ಉತ್ತರವಾಗಿ ಹೇಳುತ್ತಿರುತ್ತದೆ. ಸೊನ್ನೆಯಿಂದ ಏಳರವರೆಗಿನ ಎಂಟೇ ಅಂಕಿಗಳಿಂದ ಆಗುವ ಇಂಥ ಸಂಖ್ಯೆಗಳು ಒಟ್ಟು ೪೦೯೬. ಗಡಿ ದಾಟುವ ವಿಮಾನಕ್ಕೆ ನಿಯಂತ್ರಣಾಧಿಕಾರಿಯು ಅದಕ್ಕೇ ಮೀಸಲಾದ ಒಂದು ಸಂಖ್ಯೆ ಕೊಡುತ್ತಾನೆ. ಪರದೆಯ ಮೇಲೆ ನೂರಾರು ಚುಕ್ಕೆಗಳಿದ್ದರೂ ಇದು ಇಂಥವನೇ ಎಂದು ಅದರಿಂದ ತಿಳಿಯುತ್ತದೆ. ೭೭೦೦ ಎಂದರೆ ಅಪಾಯ. ೭೬೦೦ ಎಂದರೆ ರೇಡಿಯೋ ಕೆಟ್ಟಿದೆ. ೭೫೦೦ ಎಂದರೆ ವಿಮಾನವನ್ನು ಯಾರೋ ಬಲಾತ್ಕಾರದಿಂದ ಅಪಹರಿಸುತ್ತಿದ್ದಾರೆ. ಬಾಯಿಬಿಡದೆಯೇ ಕಷ್ಟ ಹೇಳಿಕೊಳ್ಳುವ ಉಪಾಯ ಇದು.

ಭಾಷೆ ಕಲಿಸುವವರು ಮೆಚ್ಚತಕ್ಕ ವಿಷಯವೂ ಇಲ್ಲಿದೆ. ಇಂಗ್ಲಿಷಿನ ಬಿ, ಡಿ, ಪಿ, ಟಿ ಅಕ್ಷರಗಳು ಗದ್ದಲದ ನಡುವೆ ಒಂದೇ ತರಹ ಕೇಳಿಸುತ್ತವೆ. ಆದ್ದರಿಂದ ವೈಮಾನಿಕರು ಅವನ್ನು ಬ್ರಾವೋ, ಡೆಲ್ಟಾ, ಪಾಪಾ, ಟ್ಯಾಂಗೋ ಎಂದು ಹೇಳುತ್ತಾರೆ. ನಾನಾ ಭಾಷೆಯವರ ಬಾಯಲ್ಲಿ ಪರೀಕ್ಷಿಸಿ ಆರಿಸಿದ ಈ ಮಾಲೆ ೧೯೫೬ರಿಂದ ಬಳಕೆಯಲ್ಲಿದೆ. ‘ಫೈವ್’ ಮತ್ತು ‘ನೈನ್’ ಒಂದಕ್ಕೊಂದು ಬೆರೆಯದಂತೆ ‘ಫೈಫ್’, ‘ನೈನರ್’ ಎಂದು ಉಚ್ಚರಿಸುತ್ತಾರೆ. ವಿಮಾನದ ಹೆಸರೂ ಈ ಅಕ್ಷರಗಳಿಂದಲೇ. ಅಮೆರಿಕದ ವಿಮಾನಕ್ಕೆ ‘ಎನ್’, ಕೆನಡಾದ್ದಕ್ಕೆ ‘ಸಿ’, ನಮ್ಮದಕ್ಕೆ ‘ವಿಟಿ’. ಇವೆಲ್ಲ ಅಂತರರಾಷ್ಟ್ರೀಯ ರೇಡಿಯೋ ಕರಾರಿನಲ್ಲಿ ಆಯಾ ದೇಶದ ಪಾಲಿಗೆ ಬಂದ ಕರೆಗುರುತುಗಳು. ಅಧಿಕಾರಿಯು ಕೊಟ್ಟ ಮುಖ್ಯವಾದ ಅಪ್ಪಣೆಗಳನ್ನು, ಗುರುಗಳು ಸಂಥೆ ಹೇಳಿದಾಗ ಶಿಷ್ಯನು ತಿರುಗಿ ಹೇಳುವಂತೆ, ವೈಮಾನಿಕನು ತಿರುಗಿ ಒಪ್ಪಿಸಬೇಕು. ಒಂದು ಅಂಕಿ ತಪ್ಪಿದರೂ ಅಲ್ಲಿಯೇ ತಿದ್ದುತ್ತಾರೆ. ಅಕ್ಷರಶುದ್ಧಿ ಎಂಬುದು ಪಾಠಶಾಲೆಯ ಹಟವಲ್ಲ, ಪ್ರಾಣ ಉಳಿಸುವ ಸಾಧನ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

‘ಕ್ಷೇಮವಾಗಿ ತಲುಪಿದೆ’

ಟೊರಾಂಟೋದ ಸರೋವರದ ದಡಕ್ಕೆ ಹೊಂದಿದ ದ್ವೀಪದ ಮೇಲೆ ಬಿಲ್ಲಿ ಬಿಷಪ್ ವಿಮಾನ ನಿಲ್ದಾಣವಿದೆ. ನಮ್ಮ ಗೃಹಸ್ಥನು ಅಲ್ಲಿ ಇಳಿದನು. ಇಳಿದ ಕೂಡಲೆ ಬಾಗಿಲು ತೆರೆದು ಎಲ್ಲರೂ ಹೊರಗೆ ಓಡುವ ಹಾಗಿಲ್ಲ. ಸುಂಕದ ಅಧಿಕಾರಿ ಬಂದಿದ್ದರೆ ಅವರು ತಪಾಸಣೆ ಮಾಡುತ್ತಾರೆ. ಬಂದಿರದಿದ್ದರೆ ವೈಮಾನಿಕನು ಮತ್ತೆ ಫೋನು ಮಾಡಬೇಕು. ಎಲ್ಲ ಸರಿಯಾಗಿದ್ದರೆ ಒಂದು ಸಂಖ್ಯೆ ಹೇಳುತ್ತಾರೆ. ಅದನ್ನು ಜೋಪಾನವಾಗಿ ಬರೆದಿಟ್ಟುಕೊಳ್ಳಬೇಕು. ಅವರು ನ್ಯಾಯವಾಗಿ ದೇಶದೊಳಗೆ ಬಂದರೆನ್ನುವುದಕ್ಕೆ ಅದೇ ಸಾಕ್ಷಿ. ಮರಳಿ ಬರುವಾಗ ಅಮೆರಿಕದ ಕಡೆ ಕಟ್ಟು ಇನ್ನೂ ಬಿಗಿ: ಪಟ್ಟಿ ಮತ್ತೆ ಕಳುಹಿಸಬೇಕು, ಇಳಿಯುವ ನಿಲ್ದಾಣದ ಅಧಿಕಾರಿಗಳಿಗೆ ಮೊದಲೇ ತಿಳಿಸಬೇಕು, ಹೇಳಿದ ಹೊತ್ತಿಗೆ ಬರಬೇಕು, ಅವರು ಅಪ್ಪಣೆ ಕೊಡುವವರೆಗೆ ವಿಮಾನದಲ್ಲಿಯೇ ಇರಬೇಕು. ಗಾಳಿ ಎದುರಾಯಿತು, ಮೋಡ ಕವಿಯಿತು ಎಂಬ ಸಬೂಬು ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಆದೀತು. ತಡವಾಗುವುದಾದರೆ ಆಕಾಶದಲ್ಲಿರುವಾಗಲೇ ರೇಡಿಯೋ ಮೂಲಕ ತಿಳಿಸಲು ಯತ್ನಿಸುವುದೇ ಜಾಣತನ.

ಇನ್ನೂ ಒಂದು ಕೆಲಸ ಬಾಕಿ. ನೆಂಟರ ಮನೆಯಿಂದ ಹೊರಟವರು ಊರು ಸೇರಿ ‘ಕ್ಷೇಮವಾಗಿ ತಲುಪಿದೆವು’ ಎಂದು ಕಾಗದ ಹಾಕುವುದು ನಮ್ಮಲ್ಲಿ ಹಳೆಯ ರೂಢಿ. ಆ ಕಾಗದ ಬರುವವರೆಗೆ ಮನೆಯ ಹಿರಿಯರಿಗೆ ಸಮಾಧಾನವಿಲ್ಲ. ಹಾರಾಟದ ಯೋಜನೆಗೂ ಇಂಥದೇ ಮುಕ್ತಾಯ ಬೇಕು. ಕಣ್ಣಳತೆಯ ಮೇಲೆ ಹಾರುವ ಚಿಕ್ಕ ವಿಮಾನದವನು ತಾನು ಇಳಿದ ಸುದ್ದಿಯನ್ನು ತಿಳಿಸಿ ಯೋಜನೆಯನ್ನು ಮುಗಿಸದಿದ್ದರೆ, ಅಮೆರಿಕದಲ್ಲಿ ಹೇಳಿದ ಹೊತ್ತು ಮೀರಿ ಅರ್ಧ ಗಂಟೆಗೆ, ಕೆನಡಾದಲ್ಲಿ ಒಂದು ಗಂಟೆಗೆ, ಅವನಿಗಾಗಿ ವಿಚಾರಣೆ ಹುಡುಕಾಟಗಳು ಆರಂಭವಾಗುತ್ತವೆ. ಮೊದಲು ಫೋನುಗಳು, ಬಳಿಕ ವಿಮಾನಗಳು, ದೋಣಿಗಳು. ಎಂಜಿನು ನಿಂತು ಸರೋವರಕ್ಕೆ ಬಿದ್ದವನಿಗೆ ಈ ಏರ್ಪಾಡೇ ಪ್ರಾಣ. ಸುಖವಾಗಿ ಇಳಿದು ಕಾಫಿ ಕುಡಿಯುತ್ತ ಕೂತವನು ಮರೆತರೆ, ಅವನನ್ನು ಹುಡುಕಲು ಬೇರೆಯವರು ತಮ್ಮ ಪ್ರಾಣವನ್ನು ಒಡ್ಡಬೇಕಾಗುತ್ತದೆ.

ಹೇಳದೆ ಹೋದವನ ಕಥೆ

ಸುಳ್ಳು ಹೇಳಿ ಗಡಿ ದಾಟಿದವನೊಬ್ಬನ ವೃತ್ತಾಂತ ಜಗತ್ತಿಗೆಲ್ಲ ತಿಳಿದದ್ದು. ೧೯೮೭ರ ಮೇ ೨೮ರಂದು ಮಥಿಯಾಸ್ ರುಸ್ಟ್ ಎಂಬ ಪಶ್ಚಿಮ ಜರ್ಮನಿಯ ೧೮ ವರ್ಷದ ತರುಣನು ಫಿನ್ಲೆಂಡಿನ ಹೆಲ್ಸಿಂಕಿಯಿಂದ ಸೆಸ್ನಾ ೧೭೨ ಜಾತಿಯ ವಿಮಾನದಲ್ಲಿ ಹೊರಟನು. ಸ್ವೀಡನ್ನಿನ ಸ್ಟಾಕ್‌ಹೋಮಿಗೆ ಹೋಗುತ್ತೇನೆಂದು ಹೇಳಿದ್ದನು. ಸ್ವಲ್ಪ ದೂರ ಹೋಗಿ ಪೂರ್ವಕ್ಕೆ ತಿರುಗಿ ಸೋವಿಯತ್ ಗಡಿಯನ್ನು ದಾಟಿ, ಸಂಜೆಗೆ ಮಾಸ್ಕೋದ ಕೆಂಪು ಚೌಕದ ಪಕ್ಕದಲ್ಲಿಯೇ ಇಳಿದನು. ಆ ದಿನ ಸೋವಿಯತ್ ಒಕ್ಕೂಟದಲ್ಲಿ ಗಡಿ ಕಾವಲುಗಾರರ ಹಬ್ಬ! ಅಲ್ಲಿಯ ರಕ್ಷಣಾ ಮಂತ್ರಿ ಸೊಕೊಲೊವ್ ಪದವಿ ಕಳೆದುಕೊಂಡರು. ಹುಡುಗನಿಗೆ ನಾಲ್ಕು ವರ್ಷದ ಶಿಕ್ಷೆಯಾಗಿ, ೧೯೮೮ರ ಆಗಸ್ಟಿನಲ್ಲಿ ಬಿಡುಗಡೆಯಾಯಿತು. ಶಾಂತಿಗಾಗಿ ಸೇತುವೆ ಕಟ್ಟಲು ಹೊರಟೆನೆಂದು ಅವನು ಹೇಳಿಕೊಂಡನು. ಕೇಳಿದವರಲ್ಲಿ ಅನೇಕರು ಭಲೇ ಎಂದರು.

ಆದರೆ ಈ ಕಥೆಯಲ್ಲಿ ಸಾಮಾನ್ಯವಾಗಿ ಹೇಳದೆ ಬಿಡುವ ಒಂದು ಭಾಗವಿದೆ. ಅವನ ಚುಕ್ಕೆ ರಾಡಾರಿನಿಂದ ಮರೆಯಾಗಿ ಕರೆಗೆ ಉತ್ತರ ಬಾರದಿದ್ದಾಗ, ಫಿನ್ಲೆಂಡಿನವರು ಪಾಪ ಹುಡುಗ ಸಮುದ್ರಕ್ಕೆ ಬಿದ್ದನೆಂದೇ ನಂಬಿ ಅವನನ್ನು ನೀರಿನಲ್ಲಿ ಹುಡುಕಿಸಿದರು. ಅವನು ಎಲ್ಲಿಗೆ ಹೋಗುತ್ತೇನೆಂದು ಹೇಳಿದ್ದನೋ ಆ ಮಾತನ್ನು ಪ್ರಾಮಾಣಿಕವೆಂದು ನಂಬಿದವರು ಅವರು. ಮೋಸ ಹೋದದ್ದು ಸೋವಿಯತ್ ಸೇನೆ ಮಾತ್ರವಲ್ಲ. ಅವನ ಪ್ರಾಣಕ್ಕಾಗಿ ಕಳವಳಪಟ್ಟವರೂ ಮೋಸ ಹೋದರು.

ಅವನನ್ನು ಹೊಡೆದು ಉರುಳಿಸದೆ ಬಿಟ್ಟದ್ದೇ ಅವನ ಭಾಗ್ಯ. ಅದಕ್ಕೆ ನಾಲ್ಕು ವರ್ಷ ಮೊದಲು, ೧೯೮೩ರ ಸೆಪ್ಟೆಂಬರ್ ೧ರಂದು, ದಾರಿ ತಪ್ಪಿ ಸೋವಿಯತ್ ಆಕಾಶವನ್ನು ಹೊಕ್ಕ ಕೊರಿಯಾದ ದೊಡ್ಡ ಪ್ರಯಾಣಿಕ ವಿಮಾನವನ್ನು ಸೋವಿಯತ್ ಯುದ್ಧವಿಮಾನವು ಹೊಡೆದುರುಳಿಸಿ ೨೬೯ ಜನರು ಮಡಿದಿದ್ದರು. ಆ ದುಃಖದಿಂದ ೧೯೮೪ರಲ್ಲಿ ಚಿಕಾಗೋ ಒಪ್ಪಂದಕ್ಕೆ ಒಂದು ವಿಧಿ ಸೇರಿತು: ಹಾರುತ್ತಿರುವ ನಾಗರಿಕ ವಿಮಾನದ ಮೇಲೆ ಆಯುಧ ಪ್ರಯೋಗಿಸಬಾರದು, ತಡೆಯುವಾಗಲೂ ಒಳಗಿರುವವರ ಪ್ರಾಣಕ್ಕೆ ಕೇಡು ತರಬಾರದು. ಆಕಾಶದ ಒಡೆತನಕ್ಕೂ ಒಂದು ಮಿತಿ ಇರಬೇಕೆಂದು ದೇಶಗಳು ಕಲಿತದ್ದು ಇಷ್ಟು ಬೆಲೆ ತೆತ್ತು.

ನಮ್ಮ ದೇಶದಲ್ಲಿ ಕಟ್ಟುಪಾಡು ಇನ್ನೂ ಹೆಚ್ಚು. ಹೊರಗಿನ ಖಾಸಗಿ ವಿಮಾನವು ಒಳಬರುವ ಮುನ್ನ ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯದ ಅಪ್ಪಣೆ ಬೇಕು. ವಾಯುರಕ್ಷಣೆಯವರ ಒಪ್ಪಿಗೆಯ ಸಂಖ್ಯೆಯೂ ಬೇಕು. ಎಲ್ಲ ನೆರೆಹೊರೆಯೂ ಒಂದೇ ತೆರನಾಗಿ ಇರುವುದಿಲ್ಲವಾದ್ದರಿಂದ ಎಲ್ಲ ಬಾಗಿಲುಗಳಿಗೂ ಒಂದೇ ತೆರನಾದ ಅಗುಳಿ ಇರಲಾರದು.

ಇಷ್ಟೆಲ್ಲ ನಿಯಮಗಳನ್ನು ಕೇಳಿದವರಿಗೆ, ಹಕ್ಕಿಯಂತೆ ಹಾರುವ ಆನಂದಕ್ಕೆ ಇಷ್ಟು ಕಾಗದವೇ ಎಂದು ಬೇಸರ ಬಂದೀತು. ಆದರೆ ಅವುಗಳ ತಿರುಳು ಒಂದೇ: ಯಾರು, ಎಲ್ಲಿಂದ, ಎಲ್ಲಿಗೆ, ಎಷ್ಟು ಹೊತ್ತಿಗೆ ಎಂಬುದನ್ನು ಮೊದಲೇ ನಿಜವಾಗಿ ಹೇಳುವುದು, ತಲುಪಿದ ಮೇಲೆ ತಲುಪಿದೆನೆಂದು ಹೇಳುವುದು. ಹೀಗೆ ಹೇಳಿದವನನ್ನು ಗಡಿಯ ಎರಡು ಕಡೆಯವರೂ ಕಾಯುತ್ತಾರೆ. ಮೊದಲನೆಯ ಅರ್ಥದಲ್ಲಿ ಕಾವಲು, ಎರಡನೆಯ ಅರ್ಥದಲ್ಲಿ ಕಾಪಾಡುವಿಕೆ. ಕನ್ನಡದಲ್ಲಿ ಎರಡಕ್ಕೂ ‘ಕಾಯುವುದು’ ಎಂಬ ಒಂದೇ ಮಾತು ಇರುವುದು ಅರ್ಥವತ್ತಾಗಿಯೇ ಇದೆ. ನಮ್ಮ ಮನೆಗಳಲ್ಲಿ ಹೊಸ್ತಿಲು ದಾಟುವವರು ‘ಹೋಗುತ್ತೇನೆ’ ಎನ್ನದೆ ‘ಹೋಗಿ ಬರುತ್ತೇನೆ’ ಎನ್ನುವುದುಂಟು. ನಯಾಗರಾ ನದಿಯ ಮೇಲೆ ವೈಮಾನಿಕನು ರೇಡಿಯೋದಲ್ಲಿ ಹೇಳುವ ಅಂಕಿ ಅಕ್ಷರಗಳ ಅರ್ಥವೂ ಅದಕ್ಕಿಂತ ಬೇರೆಯಲ್ಲ.